ದ್ವೀಪದವರ ಸಿಡಿಮಿಡಿಗೆ ಕೃತಘ್ನತೆ ಕಾರಣವಲ್ಲ

ಟಿಕೆಟ್ ಕಾಯ್ದಿರಿಸಿದ ಮೇಲೆ ಕೋವಿಡ್‌ನಂಥ ಸೋಂಕು ಹೆಚ್ಚಿದರೆ ದ್ವೀಪಕ್ಕೆ ಹೋಗಬಹುದೇ, ಪ್ರವಾಸಿಗರಿಂದಲೇ ಬದುಕುವ ಅಲ್ಲಿನ ಜನ ನಮ್ಮನ್ನು ಕಂಡು ಸಿಡಿಮಿಡಿಗೊಳ್ಳುವುದೇಕೆ, ಅವರ ಮನಸ್ಸು ಗೆಲ್ಲುವುದು ಹೇಗೆ ಎಂದು ಕೇಳಿದ್ದೀರಿ. ‘ನಿಮ್ಮ ಸಂಬಳ ಬರುವುದೇ ನಮ್ಮಂಥವರಿಂದ’ ಎಂಬ ಮಾತನ್ನು ನಾನು 2021ರ ಮಾರ್ಚ್‌ನಲ್ಲಿ, ಹವಾಯಿಯ ಮಾವಿ ದ್ವೀಪದ ಕಹುಲುಯಿ ವಿಮಾನ ನಿಲ್ದಾಣದಲ್ಲಿ, ತಪಾಸಣೆಯ ಮೇಜಿನ ಆಚೆ ಕುಳಿತಿದ್ದ ಹಿರಿಯರೊಬ್ಬರಿಗೆ ಮುಖಕ್ಕೆ ಹೊಡೆದಂತೆ ಹೇಳಿದ್ದೇನೆ.

ನಾವಾಗ ಕ್ಯಾಲಿಫೋರ್ನಿಯಾದಲ್ಲಿದ್ದೆವು. ಕೊನೆಯ ಹಂತದ ವಿಮಾನ ಹೊರಡುವುದಕ್ಕೆ ಮುಂಚಿನ 72 ಗಂಟೆಗಳೊಳಗೆ ಕೋವಿಡ್ ಪರೀಕ್ಷೆ ಮಾಡಿಸಿ ನೆಗೆಟಿವ್ ವರದಿ ತಂದವರಿಗೆ ಕ್ವಾರಂಟೈನ್ ಇಲ್ಲವೆಂಬ ವ್ಯವಸ್ಥೆಯನ್ನು ಹವಾಯಿ ರಾಜ್ಯ 2020ರ ಅಕ್ಟೋಬರ್ 15ರಿಂದ ಜಾರಿಗೆ ತಂದಿತ್ತು. ಗಂಟೆಗಳ ಲೆಕ್ಕವನ್ನು ನಾನು ಸರಿಯಾಗಿಯೇ ಹಾಕಿದ್ದೆ. ಪರೀಕ್ಷೆಯೂ ಪಿಸಿಆರ್ ಪರೀಕ್ಷೆಯೇ, ವರದಿಯೂ ನೆಗೆಟಿವ್. ಎಡವಿದ್ದು ಪ್ರಯೋಗಾಲಯದ ಆಯ್ಕೆಯಲ್ಲಿ. ರಾಜ್ಯವು ತಾನು ಒಪ್ಪುವ ಸಂಸ್ಥೆಗಳ ಪಟ್ಟಿಯೊಂದನ್ನು ಪ್ರಕಟಿಸಿತ್ತು. ಆ ಪಟ್ಟಿಯಲ್ಲಿದ್ದವರು ತಲೆಗೆ ನೂರು ಡಾಲರಿಗಿಂತ ಹೆಚ್ಚು ಕೇಳುತ್ತಿದ್ದರು, ನಮ್ಮ ಮನೆಯ ಹತ್ತಿರದ ಕ್ಲಿನಿಕ್‌ನಲ್ಲಿ ಅದೇ ಪರೀಕ್ಷೆ ವಿಮೆಯ ಖರ್ಚಿನಲ್ಲಿ ಬಿಟ್ಟಿಯಾಗಿ ಆಗುತ್ತಿತ್ತು. ಅಲ್ಲಿನ ಕೌಂಟರಿನವಳು ‘ಪ್ರಯಾಣಕ್ಕೆ ನಡೆಯುತ್ತದೆ’ ಎಂದಳು. ಯಾವ ಪ್ರಯಾಣಕ್ಕೆ ಎಂದು ನಾನು ಕೇಳಲಿಲ್ಲ. ಪಟ್ಟಿಯನ್ನು ನೋಡಿರಲಿಲ್ಲವೆಂದು ತಿಳಿಯಬೇಡಿ, ನೋಡಿದ್ದೆ. ಪಿಸಿಆರ್ ಎಲ್ಲಿ ಮಾಡಿಸಿದರೂ ಪಿಸಿಆರೇ, ಈ ಪಟ್ಟಿಯೆಲ್ಲ ಸರ್ಕಾರದ ಒಣ ಶಿಷ್ಟಾಚಾರ, ಎದುರು ನಿಂತು ವಿವರಿಸಿದರೆ ಬಿಡುತ್ತಾರೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ವಿವರಿಸಿದೆ. ಬಿಡಲಿಲ್ಲ. ಆ ಹಿರಿಯರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, ಸಂಬಳದ ಮಾತಿಗೆ ಉತ್ತರ ಕೊಡದೆ, ಕ್ವಾರಂಟೈನ್ ಆದೇಶದ ಹಾಳೆಯಲ್ಲಿ ಸಹಿ ಮಾಡಬೇಕಾದ ಜಾಗವನ್ನು ಪೆನ್ನಿನ ತುದಿಯಿಂದ ತೋರಿಸಿದರು.

ಆದೇಶದ ಪ್ರಕಾರ ಹತ್ತು ದಿನ ಅಥವಾ ನಮ್ಮ ವಾಸ್ತವ್ಯದ ಅವಧಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕಾಲ ಕೋಣೆಯಲ್ಲಿರಬೇಕು. ಅಂದರೆ ನಮ್ಮ ರಜೆ ಪೂರ್ತಿ. ಕ್ವಾರಂಟೈನಿನಲ್ಲಿರುವವರಿಗೆ ಬಾಡಿಗೆ ಕಾರು ಕೊಡುವಂತಿರಲಿಲ್ಲವಾದ್ದರಿಂದ ಮುಂಗಡ ಕೊಟ್ಟಿದ್ದ ಕಾರು ಕೈತಪ್ಪಿತು. ಹೋಟೆಲಿನವರು ಕೊಟ್ಟ ಕೀಲಿ ಕಾರ್ಡು ಒಂದು ಸಲ ಮಾತ್ರ ಬಾಗಿಲು ತೆರೆಯುವಂಥದ್ದು: ಒಳಗೆ ಹೋದ ಮೇಲೆ ಹೊರಗೆ ಕಾಲಿಟ್ಟು ಬಾಗಿಲು ಮುಚ್ಚಿಕೊಂಡರೆ ಸ್ವಾಗತ ಕಟ್ಟೆಗೆ ಹೋಗಿ ಸಿಕ್ಕಿಬೀಳಲೇಬೇಕು. ನನ್ನ ಹೆಂಡತಿ ಆ ಕಾರ್ಡನ್ನು ಕಿಟಕಿಯ ಮೇಲಿಟ್ಟು, ‘ನೂರು ಡಾಲರ್ ಉಳಿಸಿದಿರಿ’ ಎಂದಳು.

ಊಟ ತಂದುಕೊಡುತ್ತಿದ್ದ ಯುವಕ ಚೀಲವನ್ನು ಹೊಸ್ತಿಲಾಚೆಯ ಕುರ್ಚಿಯ ಮೇಲಿಟ್ಟು, ಮೊಗಸಾಲೆಯ ಕಟಕಟೆಯವರೆಗೆ ಹಿಂದೆ ಸರಿದು, ಆಮೇಲೆ ಕೂಗುತ್ತಿದ್ದ. ಹಿಂದೆ ಪ್ರವಾಸಿಗರನ್ನು ಸ್ನಾರ್ಕೆಲಿಂಗ್‌ಗೆ ಕರೆದೊಯ್ಯುವ ದೋಣಿಯಲ್ಲಿದ್ದವನಂತೆ; 2020ರ ವಸಂತದಲ್ಲಿ ಕೆಲಸ ಹೋಯಿತು. ಆ ಏಪ್ರಿಲ್‌ನಲ್ಲಿ ಹವಾಯಿಯ ನಿರುದ್ಯೋಗ ಶೇ 20 ದಾಟಿತ್ತು. ಹಾಗಿದ್ದರೆ ನಾವು ಬಂದದ್ದು ನಿನಗೆ ಸಂತೋಷವಾಗಿರಬೇಕಲ್ಲ ಎಂದು ಕೇಳಿದ್ದಕ್ಕೆ ಅವನು ಅಲ್ಲಿಂದಲೇ, ‘ನಿಮ್ಮ ದುಡ್ಡು ಬೇಡವೆಂದು ಯಾರು ಹೇಳಿದರು? ಇಡೀ ದ್ವೀಪಕ್ಕೆ ಇರುವುದು ವೈಲುಕುವಿನ ಒಂದೇ ದೊಡ್ಡ ಆಸ್ಪತ್ರೆ. ಅದು ತುಂಬಿದರೆ ನನ್ನ ಅಮ್ಮನನ್ನು ವಿಮಾನದಲ್ಲಿ ಬೇರೆ ದ್ವೀಪದ ಹೊನೊಲುಲುವಿಗೆ ಸಾಗಿಸಬೇಕು. ನೀವು ಊರಿಗೆ ಹೋಗುತ್ತೀರಿ’ ಎಂದ.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎನ್ನುವುದು ಇದಕ್ಕಾಗಿ. ದುಡ್ಡು ಕೊಟ್ಟೆವೆಂದ ಮಾತ್ರಕ್ಕೆ ನಾವು ಯಾರ ಅನ್ನದಾತರೂ ಆಗುವುದಿಲ್ಲ. ಸುಮಾರು 14 ಲಕ್ಷ ನಿವಾಸಿಗಳಿರುವ ಆ ರಾಜ್ಯಕ್ಕೆ 2019ರಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಬಂದುಹೋದರು; ಆಸ್ಪತ್ರೆಗಳ ಹಾಸಿಗೆಗಳನ್ನು ಅಷ್ಟು ಜನರ ಲೆಕ್ಕ ಹಿಡಿದು ಹಾಕಿರುವುದಿಲ್ಲ. ಇನ್ನು ಹಡಗಿನಲ್ಲಿ ಬಂದಿಳಿದ ರೋಗದ ನೆನಪು ಅಲ್ಲಿನವರಿಗೆ ಪಠ್ಯಪುಸ್ತಕದ ಸಂಗತಿಯಷ್ಟೇ ಅಲ್ಲ. 1778ರಲ್ಲಿ ಬ್ರಿಟಿಷ್ ಅನ್ವೇಷಕ ಕ್ಯಾಪ್ಟನ್ ಕುಕ್‌ನ ನಾವಿಕರು ಗುಹ್ಯರೋಗಗಳನ್ನು ತಂದರು. 1824ರಲ್ಲಿ ಲಂಡನ್ನಿಗೆ ಹೋದ ಹವಾಯಿಯ ರಾಜ ಎರಡನೇ ಕಮೆಹಮೆಹ ಮತ್ತು ರಾಣಿ ಇಬ್ಬರೂ ದಡಾರಕ್ಕೆ ಬಲಿಯಾದರು. 1853ರಲ್ಲಿ ಸಿಡುಬು ಸಾವಿರಾರು ಜನರನ್ನು ಕೊಂದಿತು. 1866ರಿಂದ ಕುಷ್ಠರೋಗಿಗಳನ್ನು ಮಾವಿಯ ನೆರೆಯ ಮೊಲೊಕೈ ದ್ವೀಪದ ಕಲೌಪಾಪಕ್ಕೆ ಗಡೀಪಾರು ಮಾಡಲಾಯಿತು, ಆ ಕಾನೂನು ರದ್ದಾದದ್ದು 1969ರಲ್ಲಿ. ಇದನ್ನೆಲ್ಲ ನಾನು ಓದಿದ್ದು ಕೋಣೆಯಲ್ಲಿ ಕುಳಿತೇ, ಬೇರೆ ಕೆಲಸವಿರಲಿಲ್ಲವಲ್ಲ. 2020ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ರಸ್ತೆಗೆ ಮುಳ್ಳು ಕಡಿದು ಹಾಕಿ, ಬೆಂಗಳೂರಿನಿಂದ ಬಂದ ಸ್ವಂತ ಮಕ್ಕಳನ್ನೂ ಊರ ಹೊರಗೆ ನಿಲ್ಲಿಸಿದ್ದನ್ನು ಫೋನಿನಲ್ಲಿ ಕೇಳಿ ‘ಒಳ್ಳೆಯದೇ ಆಯಿತು’ ಎಂದಿದ್ದ ನಾನು, ಮಾವಿಯವರಿಂದ ಮಾತ್ರ ಹಾರತುರಾಯಿ ನಿರೀಕ್ಷಿಸಿದ್ದೆ.

ಆದ್ದರಿಂದ ಮನಸ್ಸು ಗೆಲ್ಲುವ ಉಪಾಯ ನನ್ನನ್ನು ಕೇಳಬೇಡಿ. ದಪ್ಪ ಟಿಪ್ಸ್ ಕೊಟ್ಟರೆ ಆಸ್ಪತ್ರೆಯಲ್ಲಿ ಹಾಸಿಗೆ ಹೆಚ್ಚುವುದಿಲ್ಲ. 2021ರ ಆಗಸ್ಟ್ 23ರಂದು ಗವರ್ನರ್ ಡೇವಿಡ್ ಇಗೆ ಅವರು, ಆಸ್ಪತ್ರೆಗಳು ತುಂಬುತ್ತಿವೆ, ಇದು ಹವಾಯಿಗೆ ಬರುವ ಸಮಯವಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಕಾನೂನಿನ ಅಡ್ಡಿಯೇನೂ ಇರಲಿಲ್ಲವಾದ್ದರಿಂದ ನನ್ನ ಪರಿಚಯದವರು ಕೆಲವರು ಆಗಲೂ ಹೋಗಿಬಂದರು, ಬಂದು ಅಲ್ಲಿನವರ ಬಿರುಸು ಮುಖಗಳ ಬಗ್ಗೆ ದೂರಿದರು. ಅವರ ಬಗ್ಗೆ ನನಗೆ ಕನಿಕರವಿಲ್ಲ. ಅಂಥ ಕೋರಿಕೆ ಹೊರಟಿರುವಾಗ ಹೋಗಬೇಡಿ. ಕೋರಿಕೆ ಇಲ್ಲದಿದ್ದರೆ ಹೋಗಿ, ಆದರೆ ನಿಯಮವನ್ನು ವಿಮಾನ ಸಂಸ್ಥೆಯವರ ಬಾಯಿಂದಾಗಲಿ, ಕ್ಲಿನಿಕ್ಕಿನವರ ಬಾಯಿಂದಾಗಲಿ ತಿಳಿಯದೆ ಆ ದ್ವೀಪದ ಸರ್ಕಾರದ ಪುಟದಲ್ಲೇ ಅಕ್ಷರಕ್ಷರ ಓದಿ, ಪರೀಕ್ಷೆ ಕೇಳಿದ್ದರೆ ಅದರ ಹಣ ಉಳಿಸಲು ಹೋಗಬೇಡಿ. ಟಿಕೆಟ್ ಕಾಯ್ದಿರಿಸುವಾಗ ದಿನಾಂಕ ಬದಲಿಸಲು ಅವಕಾಶವಿರುವ ದರವನ್ನೇ ಆರಿಸಿಕೊಳ್ಳಿ. ಸ್ವಲ್ಪ ದುಬಾರಿಯಾದರೂ, ಕಟ್ಟಿದ ಹಣ ಹೋಗುತ್ತದೆಂಬ ನೆಪ ಆಗ ನಿಮಗೆ ಉಳಿಯುವುದಿಲ್ಲ.