ಮೂರನೇ ಸಾಲಿನಲ್ಲಿ ಕೂರುವವರು ಯಾರು?

ಏಳು ಸೀಟಿನ ಲಕ್ಷುರಿ ಕ್ರಾಸ್‌ಓವರ್‌ಗಳ (ಎಸ್‌ಯುವಿಯಂತೆ ಎತ್ತರದ ಕಾರುಗಳ) ಬಗ್ಗೆ ಈ ತಿಂಗಳು ಪತ್ರಗಳು ಜಾಸ್ತಿ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವಕ್ಕೇ.

ಪ್ರಶ್ನೆ: ಮನೆಯಲ್ಲಿ ಆರು ಜನ. ಅಪ್ಪ, ಮಂಡಿನೋವಿನ ಅಮ್ಮ, ನಾವಿಬ್ಬರು, ಮೂರು ಮತ್ತು ಒಂಬತ್ತು ವರ್ಷದ ಮಕ್ಕಳು. ವೋಲ್ವೊ ಎಕ್ಸ್‌ಸಿ90 ನೋಡುತ್ತಿದ್ದೇವೆ. ಆರು ಜನ ನಿಜಕ್ಕೂ ಆರಾಮಾಗಿ ಕೂರಬಹುದೇ? (ಜಯನಗರ)

ಉತ್ತರ: ಕೂರಬಹುದು. ಆದರೆ ಯಾರು ಎಲ್ಲಿ ಅನ್ನುವುದನ್ನು ಬುಕಿಂಗ್‌ಗೆ ಮುಂಚೆಯೇ ತೀರ್ಮಾನಿಸಿಕೊಳ್ಳಿ. ಈ ಕಾರಿನ ಮೂರನೇ ಸಾಲು 170 ಸೆಂ.ಮೀ. ಎತ್ತರದವರೆಗಿನವರಿಗೆ ಎಂದು ಕಂಪನಿಯೇ ಹೇಳುತ್ತದೆ. ಎತ್ತರಕ್ಕಿಂತ ಮುಖ್ಯವಾದದ್ದು ಮಂಡಿ. ಹಿಂದಿನ ಸಾಲಿನಲ್ಲಿ ನೆಲ ಎತ್ತರ, ಸೀಟು ತಗ್ಗು. ಹಾಗಾಗಿ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ. ಅರ್ಧ ಗಂಟೆ ಗೊತ್ತಾಗುವುದಿಲ್ಲ, ರಾಮನಗರ ದಾಟುವಷ್ಟರಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ.

ಶೋರೂಮಿಗೆ ಆರೂ ಜನ ಹೋಗಿ. ಮೊದಲು ಓಡಿಸುವವರು ತಮ್ಮ ಸೀಟು ಸರಿಮಾಡಿಕೊಳ್ಳಲಿ. ಆಮೇಲೆ ಎರಡನೇ ಸಾಲಿನವರು ಮಂಡಿಯ ಮುಂದೆ ಒಂದು ಮುಷ್ಟಿ ಜಾಗ ಉಳಿಯುವಂತೆ ಸೀಟು ಸರಿಸಿಕೊಳ್ಳಲಿ. ಮೂರನೇ ಸಾಲಿನವರು ಕೂರಬೇಕಾದದ್ದು ಕೊನೆಗೆ. ಸೇಲ್ಸ್‌ನವರು ಎರಡನೇ ಸಾಲನ್ನು ಪೂರ್ತಿ ಮುಂದಕ್ಕೆ ತಳ್ಳಿ ‘ನೋಡಿ ಸರ್, ಎಷ್ಟು ಜಾಗ’ ಎನ್ನುತ್ತಾರೆ. ಆ ಜಾಗ ಇನ್ನೊಬ್ಬರ ಕಾಲಿನಿಂದ ಕಿತ್ತದ್ದು. ತಲೆಗೂ ಚಾವಣಿಗೂ ನಡುವೆ ನಾಲ್ಕು ಬೆರಳು ಇರಲಿ, ಇಲ್ಲದಿದ್ದರೆ ಹಂಪ್ಸ್‌ನಲ್ಲಿ ತಲೆ ತಗಲುತ್ತದೆ.

ಮಗುವಿನ ಸೀಟನ್ನು ಬಲಗಡೆ, ಡ್ರೈವರ್ ಹಿಂದೆ ಕಟ್ಟಿ. ಮೂರನೇ ಸಾಲಿಗೆ ಹತ್ತುವುದು ಎಡಗಡೆಯ ಸೀಟನ್ನು ಮುಂದಕ್ಕೆ ಬಗ್ಗಿಸಿ, ಫುಟ್‌ಪಾತ್ ಕಡೆಯಿಂದ. ಅಲ್ಲಿ ಮಗುವಿನ ಸೀಟು ಕಟ್ಟಿಬಿಟ್ಟರೆ ದಾರಿ ಮುಚ್ಚಿದಂತೆಯೇ. ಅಪ್ಪ ಮುಂದೆ, ಅಮ್ಮ ಎರಡನೇ ಸಾಲಿನ ಎಡಕ್ಕೆ. ಎರಡನೇ ಸಾಲಿನ ನಡುವಿನ ಸೀಟಿನಲ್ಲೇ ಮಡಚಿಟ್ಟ ಬೂಸ್ಟರ್ ಇರುವ ಮಾದರಿಯಾದರೆ ಅದು 15ರಿಂದ 36 ಕೆ.ಜಿ. ತೂಕದ ಮಕ್ಕಳಿಗೆ, ಒಂಬತ್ತು ವರ್ಷದವರು ಅಲ್ಲಿ ಕೂರಬಹುದು. ಆಗ ಮೂರನೇ ಸಾಲು ನಿಮ್ಮಿಬ್ಬರಲ್ಲಿ ಒಬ್ಬರ ಪಾಲು. ಯಾರದು ಎನ್ನುವುದು ಮನೆಯ ವಿಚಾರ. ಮೂರೂ ಸಾಲು ಎತ್ತಿದಾಗ ಡಿಕ್ಕಿಯಲ್ಲಿ ಉಳಿಯುವುದು ಸುಮಾರು 300 ಲೀಟರ್ ಜಾಗ. ಮನೆಯ ಸೂಟ್‌ಕೇಸನ್ನೇ ಒಯ್ದು ಇಟ್ಟು, ಬಾಗಿಲು ಮುಚ್ಚಿ ನೋಡಿ.

ಪ್ರಶ್ನೆ: ಟೆಸ್ಟ್ ಡ್ರೈವ್ ಎಂದು ಮೂರು ಕಿಲೋಮೀಟರ್ ನುಣುಪಾದ ರಸ್ತೆಯಲ್ಲಿ ಸುತ್ತಿಸುತ್ತಾರೆ. ಏನು ಗಮನಿಸಬೇಕು? (ಯಲಹಂಕ)

ಉತ್ತರ: ದಾರಿಯನ್ನು ನೀವೇ ಹೇಳಿ, ಕನಿಷ್ಠ ನಾಲ್ಕು ಜನ ಕೂತು ಹೋಗಿ. ಹೊರಡುವ ಮುಂಚೆ ಟೈರ್ ಗಾಳಿ ನೋಡಿಸಿ. ಯಾರ್ಡಿನಲ್ಲಿ ನಿಂತಿದ್ದ ಕಾರುಗಳಲ್ಲಿ ಗಾಳಿ ಹೆಚ್ಚಿರುವುದುಂಟು. ಆಗ ಒಳ್ಳೆಯ ಸಸ್ಪೆನ್ಷನ್ ಕೂಡ ಎತ್ತಿಹಾಕುತ್ತದೆ, ನೀವು ಕಾರನ್ನು ಬೈದು ಬರುತ್ತೀರಿ. ಒತ್ತಡ ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕ್ಕರಿನಲ್ಲಿರುತ್ತದೆ.

ಮೊದಲ ಪರೀಕ್ಷೆ ಬಂಪರ್-ಟು-ಬಂಪರ್ ಟ್ರಾಫಿಕ್. ಬ್ರೇಕಿನಿಂದ ಕಾಲೆತ್ತಿ ಕಾರು ತೆವಳಲು ಬಿಡಿ. ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆದರೆ ಎಣ್ಣೆಯಲ್ಲಿ ಜಾರಿದಂತೆ ಹೊರಡುತ್ತದೆ. ಎರಡು ಕ್ಲಚ್ಚಿನ ಆಟೊಮ್ಯಾಟಿಕ್, ಅಂದರೆ ಡ್ಯುಯಲ್ ಕ್ಲಚ್ ಆದರೆ ಒಂದು ಸಣ್ಣ ತಳ್ಳು ಸಿಗುತ್ತದೆ. ಹೆಬ್ಬಾಳದ ಸಾಲಿನಲ್ಲಿ ದಿನಾ ನಿಲ್ಲುವವರಿಗೆ ಕುದುರೆಶಕ್ತಿಗಿಂತ ಈ ತಳ್ಳು ದೊಡ್ಡ ವಿಷಯ. ಎಂಜಿನ್ ತಾನಾಗಿ ನಿಂತು ಮತ್ತೆ ಶುರುವಾಗುವಾಗ ಸ್ಟೀರಿಂಗಿಗೆ ನಡುಕ ಬರುತ್ತದೆಯೇ ಎಂದೂ ನೋಡಿ.

ಎರಡನೆಯದು ಫ್ಲೈಓವರ್. ಜಾಯಿಂಟ್‌ಗಳ ಮೇಲೆ ಗಂಟೆಗೆ 60 ಕಿ.ಮೀ.ನಲ್ಲಿ ಹೋಗಿ, ಕಿವಿಗೊಡಿ. ‘ಧಬ್’ ಎಂದು ಒಂದೇ ಸದ್ದಾಗಿ ಮುಗಿದರೆ ಸರಿ. ಹಿಂದೆಯೇ ಎರಡನೇ ಸದ್ದು, ಮೂರನೇ ತೂಗು ಬಂದರೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ತೂಕವನ್ನು ಹಿಡಿಯುತ್ತಿಲ್ಲ. ಹಂಪ್ಸನ್ನು ಒಮ್ಮೆ 10 ಕಿ.ಮೀ.ನಲ್ಲಿ, ಒಮ್ಮೆ 20ರಲ್ಲಿ ದಾಟಿ. ಎರಡನೇ ಸುತ್ತಿಗೆ ಸ್ಟೀರಿಂಗನ್ನು ಮನೆಯವರಿಗೆ ಕೊಟ್ಟು ನೀವು ಮೂರನೇ ಸಾಲಿನಲ್ಲಿ ಕೂತುಬಿಡಿ. ಆ ಸೀಟು ಹಿಂದಿನ ಆಕ್ಸಲ್ ಹತ್ತಿರವೇ ಇರುವುದರಿಂದ, ಮುಂದೆ ಕೂತವರಿಗೆ ಗೊತ್ತೇ ಆಗದ ಗುಂಡಿ ಅಲ್ಲಿ ಸೊಂಟಕ್ಕೆ ಬಡಿಯುತ್ತದೆ. ಕೊನೆಗೊಂದು ಯು-ಟರ್ನ್. ಈ ಗಾತ್ರದ ಕಾರುಗಳಿಗೆ ಸುಮಾರು 12 ಮೀಟರ್ ಅಗಲ ಬೇಕು. ನಿಮ್ಮ ಮನೆ ಮುಂದಿನ ರಸ್ತೆ 30 ಅಡಿ ಎಂದರೆ 9 ಮೀಟರ್ ಚಿಲ್ಲರೆ. ಒಂದೇ ಏಟಿಗೆ ತಿರುಗುವುದಿಲ್ಲ.

ಪ್ರಶ್ನೆ: 20 ಇಂಚಿನ ಚಕ್ರ ಬಿಟ್ಟು 22 ಇಂಚು ಹಾಕಿಸಿದರೆ ನೋಟ ಚೆನ್ನ. ತೊಂದರೆ ಇದೆಯೇ? (ಕೋರಮಂಗಲ)

ಉತ್ತರ: ಲೆಕ್ಕ ಹಾಕೋಣ. 275/45 ಆರ್20 ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವಿನ ರಬ್ಬರ್ ಟೈರಿನ ಅಗಲವಾದ 275 ಮಿ.ಮೀ.ನ ಶೇ. 45, ಅಂದರೆ ಸುಮಾರು 124 ಮಿ.ಮೀ. 275/35 ಆರ್22ರಲ್ಲಿ 96 ಮಿ.ಮೀ. ಟೈರಿನ ಒಟ್ಟು ಎತ್ತರ ಎರಡರಲ್ಲೂ ಸುಮಾರು 75 ಸೆಂ.ಮೀ., ಆದ್ದರಿಂದ ಸ್ಪೀಡೋಮೀಟರಿಗೆ ಏನೂ ಆಗುವುದಿಲ್ಲ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಇದ್ದ 28 ಮಿ.ಮೀ. ರಬ್ಬರ್ ಮಾತ್ರ ಹೋಗಿಬಿಟ್ಟಿತು. ಎರಡು ಟನ್ ಮೀರಿದ ಕಾರು ಚೂಪು ಅಂಚಿನ ಗುಂಡಿಗೆ ಬಿದ್ದಾಗ ಸೈಡ್‌ವಾಲ್ ಮಡಚಿ ರಿಮ್ಮಿಗೂ ಟಾರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ, ಒಳಗಿನ ದಾರಗಳು ಹರಿಯುತ್ತವೆ. ಎರಡು ದಿನದಲ್ಲಿ ಪಕ್ಕಕ್ಕೆ ಬುಗ್ಗೆ ಏಳುತ್ತದೆ. ಬುಗ್ಗೆ ಎದ್ದ ಟೈರಿಗೆ ಪ್ಯಾಚ್ ಇಲ್ಲ, ಬದಲಿಸಲೇಬೇಕು. ಆಲ್ ವೀಲ್ ಡ್ರೈವ್ ಆದರೆ ಒಂದನ್ನೇ ಬದಲಿಸುವಂತಿಲ್ಲ. ಸವೆದ ಟೈರಿನ ಸುತ್ತಳತೆ ಕಡಿಮೆಯಾದ್ದರಿಂದ ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸುವ ಕಪ್ಲಿಂಗ್ ಸದಾ ಜಾರುತ್ತಾ ಬಿಸಿಯಾಗುತ್ತದೆ. ಕನಿಷ್ಠ ಜೋಡಿ ಬದಲಿಸಿ. ಉಳಿದವು ಎಷ್ಟು ಸವೆದಿರಬಹುದು ಎಂಬ ಮಿತಿಯನ್ನು ಮ್ಯಾನ್ಯುಯಲ್‌ನಲ್ಲಿ ನೋಡಿ.

ಬೆಂಗಳೂರಿನ ರಸ್ತೆಗೆ ಕೇಳಿದರೆ 22 ಬೇಡವೇ ಬೇಡ. 19 ಸಿಕ್ಕರೆ ಇನ್ನೂ ಒಳ್ಳೆಯದು. ಯಾವುದೇ ಟೈರ್ ಕೊಂಡರೂ ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಡಿಮೆ ಇರಬಾರದು. 105 ಎಂದರೆ ಒಂದು ಟೈರಿಗೆ 925 ಕೆ.ಜಿ., 110 ಎಂದರೆ 1060 ಕೆ.ಜಿ.

ಪ್ರಶ್ನೆ: ಚಾರ್ಮಾಡಿ ಇಳಿಯುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬಂತು. ಹಿಂದೆ ಕೂತ ಮಕ್ಕಳಿಬ್ಬರೂ ವಾಂತಿ ಮಾಡಿಕೊಂಡರು. ಕಾರಿನ ದೋಷವೇ? (ವಿಜಯನಗರ)

ಉತ್ತರ: ಬ್ರೇಕಿನ ಮಾತು ಮೊದಲು. ಜನ, ಸಾಮಾನು ಸೇರಿ 2600 ಕೆ.ಜಿ. ಆದ ಕಾರು 600 ಮೀಟರ್ ಎತ್ತರದಿಂದ ಇಳಿದರೆ ಸುಮಾರು 15 ಮೆಗಾಜೂಲ್ ಶಕ್ತಿ ಎಲ್ಲೋ ಕರಗಬೇಕು. ಬಚ್ಚಲುಮನೆಯ ಹಂಡೆಯಲ್ಲಿ 45 ಲೀಟರ್ ತಣ್ಣೀರು ಕುದಿಸಲು ಅಷ್ಟೇ ಶಾಖ ಬೇಕು. ಗೇರನ್ನು ಡಿ-ಯಲ್ಲೇ ಬಿಟ್ಟು ಇಳಿದರೆ ಅದರ ಬಹುಪಾಲು ಡಿಸ್ಕು, ಪ್ಯಾಡಿಗೇ ಹೋಗುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮುಂಚೆಯೇ ಮ್ಯಾನ್ಯುಯಲ್‌ಗೆ ಹಾಕಿ ಮೂರನೇ ಗೇರ್, ಹೇರ್‌ಪಿನ್‌ಗಳಲ್ಲಿ ಎರಡನೇ ಗೇರ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿ ಗುರುಗುಟ್ಟಲಿ, ಅದಕ್ಕೇನೂ ಆಗುವುದಿಲ್ಲ. ಬ್ರೇಕನ್ನು ಸದಾ ಹಿಡಿದಿರದೆ, ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಇಳಿಯುವಾಗಿನ ಶಕ್ತಿಯಿಂದ ಬ್ಯಾಟರಿ ತುಂಬಿಕೊಳ್ಳುವ ಸ್ಟ್ರಾಂಗ್ ಹೈಬ್ರಿಡ್ ಇದ್ದವರೂ ನಿಶ್ಚಿಂತೆಯಿಂದ ಇರಬೇಡಿ: ಉದ್ದ ಇಳಿಜಾರಿನಲ್ಲಿ ಬ್ಯಾಟರಿ ತುಂಬಿದ ಮೇಲೆ ಅದು ಶಕ್ತಿ ಹೀರುವುದಿಲ್ಲ. ವಾಸನೆ ಬಂದರೆ, ಪೆಡಲ್ ಇನ್ನೂ ಗಟ್ಟಿ ಇದ್ದರೆ, ಕೆಳಗಿನ ಗೇರಿನಲ್ಲಿ ಬ್ರೇಕ್ ಮುಟ್ಟದೆ ನಿಧಾನ ಉರುಳಿಸಿ ಗಾಳಿಯಾಡಲು ಬಿಡಿ. ಪೆಡಲ್ ಮೆತ್ತಗಾದರೆ ಮಾತ್ರ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕನಿಷ್ಠ ಅರ್ಧ ಗಂಟೆ. ಕೆಂಡವಾದ ಡಿಸ್ಕಿನ ಮೇಲೆ ನೀರು ಹಾಕಿದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಬ್ರೇಕ್ ಆಯಿಲ್ ಎರಡು ವರ್ಷ ಮೀರಿದ್ದರೆ ಬದಲಿಸಿ. ಅದು ತೇವ ಹೀರಿಕೊಳ್ಳುತ್ತದೆ, ಹಾಗಾಗಿ ಬೇಗ ಕುದಿಯುತ್ತದೆ.

ವಾಂತಿಗೆ ಕಾರಣ ಮೂರನೇ ಸಾಲು. ಕಾರಿನ ಹಿಂಭಾಗ ತಿರುವಿನಲ್ಲಿ ಹೆಚ್ಚು ಓಲಾಡುತ್ತದೆ, ಅಲ್ಲಿಂದ ಮುಂದಿನ ರಸ್ತೆ ಕಾಣುವುದಿಲ್ಲ. ಸಮತೋಲನ ತಿಳಿಸುವ ಒಳಕಿವಿ ಹೇಳಿದ್ದಕ್ಕೂ ಕಣ್ಣು ಕಂಡದ್ದಕ್ಕೂ ತಾಳೆಯಾಗುವುದಿಲ್ಲ. ಘಾಟಿ ಮುಗಿಯುವವರೆಗೆ ಮಕ್ಕಳನ್ನು ಎರಡನೇ ಸಾಲಿಗೆ ತನ್ನಿ, ಫೋನು ತೆಗೆದಿಡಿ, ಎಸಿ ಗಾಳಿ ಮುಖಕ್ಕೆ ಬರಲಿ. ಕಂಫರ್ಟ್ ಮೋಡ್ ಮೆತ್ತಗಿರುವುದರಿಂದ ಓಲಾಟ ಹೆಚ್ಚು. ಒಂದು ಹಂತ ಬಿಗಿ ಮಾಡಿ. ತಿರುವಿನೊಳಗೆ ಬ್ರೇಕ್ ಹಿಡಿಯಬೇಡಿ, ಮುಂಚೆಯೇ ಹಿಡಿದು ಬಿಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಬನ್ನಿ ಎನ್ನುವ ಧೈರ್ಯ ನಮಗಿಲ್ಲ. ಎರಡಕ್ಕೇ ನಿಲ್ಲಿಸಿ ಎನ್ನಬಹುದು.

ಪ್ರಶ್ನೆ: ಎಂಟು ವರ್ಷ ಹಳೆಯ ಸೆಕೆಂಡ್‌ಹ್ಯಾಂಡ್ ಕಾರು, ಏರ್ ಸಸ್ಪೆನ್ಷನ್. ಬೆಳಗ್ಗೆ ನೋಡಿದರೆ ಒಂದು ಮೂಲೆ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದರೆ ಏಳುತ್ತದೆ. ಹೀಗೇ ಓಡಿಸಬಹುದೇ? (ರಾಜಾಜಿನಗರ)

ಉತ್ತರ: ಓಡಿಸಬೇಡಿ. ಇದರಲ್ಲಿ ಕಾರನ್ನು ಹೊರುವುದು ಗಾಳಿ ತುಂಬಿದ ರಬ್ಬರ್ ಚೀಲಗಳು. ಸಣ್ಣ ಸೋರಿಕೆಯನ್ನು ತುಂಬಲು ಗಾಳಿ ಒತ್ತುವ ಕಂಪ್ರೆಸರ್ ದಿನವಿಡೀ ದುಡಿದು ಸುಟ್ಟುಹೋಗುತ್ತದೆ. ಒಂದು ರಬ್ಬರ್ ಚೀಲದಲ್ಲಿ ಮುಗಿಯಬೇಕಿದ್ದ ಖರ್ಚಿಗೆ ಕಂಪ್ರೆಸರೂ ಸೇರಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ರಾತ್ರಿ ಎಂಟಕ್ಕೆ ನಾಲ್ಕೂ ಚಕ್ರಗಳ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಬೆಳಗ್ಗೆ ಆರಕ್ಕೆ, ಬಾಗಿಲು ತೆರೆಯುವ ಮುಂಚೆ, ಮತ್ತೆ ಅಳೆಯಿರಿ. ತಂಪಿಗೆ ನಾಲ್ಕೈದು ಮಿ.ಮೀ. ಇಳಿಯುವುದು ಸಹಜ. ಒಂದೇ ಮೂಲೆ 20 ಮಿ.ಮೀ. ಮೀರಿ ಇಳಿದಿದ್ದರೆ ಆ ಮೂಲೆಯ ಏರ್ ಸ್ಪ್ರಿಂಗ್ ಅಥವಾ ಅದರ ಪೈಪಿನ ಜೋಡಣೆಯನ್ನು ಮೊದಲು ಅನುಮಾನಿಸಿ. ಎರಡು ಮೂರು ಮೂಲೆ ಒಟ್ಟಿಗೆ ಇಳಿದಿದ್ದರೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ಕಡೆ ನೋಡಿ. ಮೆಕ್ಯಾನಿಕ್ ಹತ್ತಿರ ಶಾಂಪೂ ನೀರು ಚಿಮುಕಿಸಿ ಪರೀಕ್ಷೆ ಮಾಡಿಸುವಾಗ ರಬ್ಬರಿನ ಕೆಳ ಮಡಿಕೆಯನ್ನು ಬಿಡಬಾರದು. ಬಹುಪಾಲು ಬಿರುಕು ಬೀಳುವುದು ಧೂಳು ಕೂರುವ ಆ ಮಡಿಕೆಯಲ್ಲೇ.

ಕಂಪ್ರೆಸರ್ ಬದಲಿಸಬೇಕಾದರೆ ಅದನ್ನು ಆನ್-ಆಫ್ ಮಾಡುವ ರಿಲೇಯನ್ನೂ ಬದಲಿಸಿ. ಹಳೆಯ ರಿಲೇ ಅಂಟಿಕೊಂಡರೆ ಹೊಸ ಕಂಪ್ರೆಸರ್ ನಿಲ್ಲದೆ ಓಡಿ ಮತ್ತೆ ಸುಡುತ್ತದೆ. ಪಂಚರ್ ಅಂಗಡಿಯಲ್ಲಿ ಜಾಕ್ ಹಾಕುವ ಮುಂಚೆ ಪರದೆಯಲ್ಲಿ ಲೆವೆಲಿಂಗ್ (ಕಾರು ತಾನೇ ಎತ್ತರ ಸರಿಮಾಡಿಕೊಳ್ಳುವುದು) ನಿಲ್ಲಿಸುವ ಆಯ್ಕೆ ಒತ್ತುವುದನ್ನು ಮರೆಯಬೇಡಿ. ‘ಕಾಯಿಲ್ ಸ್ಪ್ರಿಂಗ್ ಹಾಕಿಬಿಡೋಣ’ ಎನ್ನುವವರ ಮಾತು ಅಗ್ಗವಾಗಿ ಕೇಳಿಸುತ್ತದೆ. ತೂಕಕ್ಕೆ ತಕ್ಕಂತೆ ಹಿಂಭಾಗವನ್ನು ಎತ್ತುವ ಗುಣವೇ ಹೋದಮೇಲೆ ಏಳು ಜನ ಕೂತಾಗ ಕಾರಿನ ಹಿಂಬದಿ ನೆಲ ಹಿಡಿಯುತ್ತದೆ.

ಪ್ರಶ್ನೆ: ಎತ್ತರದ ಕಾರು, ಮಳೆನೀರಿಗೆ ಭಯವಿಲ್ಲ ತಾನೇ? (ಸರ್ಜಾಪುರ ರಸ್ತೆ)

ಉತ್ತರ: ಆ ಧೈರ್ಯ ಬೇಡ. 2022ರ ಸೆಪ್ಟೆಂಬರಿನಲ್ಲಿ ನಿಮ್ಮ ರಸ್ತೆಯ ಬಡಾವಣೆಗಳಲ್ಲಿ ಮುಳುಗಿದ್ದು ಬರೀ ಸಣ್ಣ ಕಾರುಗಳಲ್ಲ. ಐದು ಮೀಟರ್ ಉದ್ದ, ಎರಡು ಮೀಟರ್ ಅಗಲದ ಕಾರಿನ ತಳಕ್ಕಿಂತ ಒಂದು ಗೇಣು ಮೇಲೆ ನೀರು ಬಂದರೆ ಅದು ಎತ್ತುವ ಬಲ ಎರಡು ಟನ್ನಿಗೂ ಮಿಗಿಲು. ಅಷ್ಟರಲ್ಲಿ ಚಕ್ರ ಹಿಡಿತ ಬಿಡುತ್ತದೆ. ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ ವಾಪಸ್ ತಿರುಗಿ. ಬೇಸ್‌ಮೆಂಟಿನಲ್ಲಿ ಕಾರು ನೆನೆದಿದ್ದರೆ ಸ್ಟಾರ್ಟ್ ಬಟನ್ ಮುಟ್ಟಬೇಡಿ: ಸಿಲಿಂಡರಿಗೆ ಹೋದ ನೀರು ಒತ್ತಡಕ್ಕೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನ ಗುರುತಿನ ಫೋಟೊ ತೆಗೆದು, ನಾಲ್ಕೂ ಚಕ್ರ ಮೇಲಿರುವ ಫ್ಲ್ಯಾಟ್‌ಬೆಡ್ ಟೋಯಿಂಗ್ ಕರೆಸಿ. ಜೀರೋ ಡೆಪ್ (ಸವಕಳಿ ಕಡಿತವಿಲ್ಲದ) ವಿಮೆ ಇದ್ದ ಮಾತ್ರಕ್ಕೆ ಇಂತಹ ಎಂಜಿನ್ ಹಾನಿಗೆ ಹಣ ಬರುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಬೇರೆಯಾಗಿ ಇರಬೇಕು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಇಂಥ ಕಾರು ನಿಲ್ಲುತ್ತದೆಯೇ? (ಮಲ್ಲೇಶ್ವರ)

ಉತ್ತರ: ಎಕ್ಸ್‌ಸಿ90 ಉದ್ದ 4.95 ಮೀಟರ್, ಅಗಲ ಕನ್ನಡಿ ಬಿಚ್ಚಿದರೆ 2.14, ಮಡಚಿದರೆ 2 ಮೀಟರ್. ಎರಡು ಕಂಬಗಳ ನಡುವೆ 2.5 ಮೀಟರ್ ಇದ್ದರೆ ಕಾರು ನಿಲ್ಲುತ್ತದೆ, ಬಾಗಿಲು ಪೂರ್ತಿ ತೆರೆಯುವುದಿಲ್ಲ. ಮನೆಯ ಹಿರಿಯರನ್ನು ಹೊರಗೇ ಇಳಿಸಬೇಕು. ಯಾಂತ್ರಿಕ ಪಾರ್ಕಿಂಗ್ ಆದರೆ ಅದರ ಫಲಕದ ಮೇಲಿನ ತೂಕದ ಮಿತಿ ಓದಿ. ಮಿತಿ 2000 ಕೆ.ಜಿ. ಎಂದಿದ್ದರೆ ಈ ಕಾರು ಖಾಲಿಯಿದ್ದಾಗಲೇ ಅದನ್ನು ಮೀರುತ್ತದೆ. ಅಂಥ ಕಡೆ 4.75 ಮೀಟರಿನ, ಬಿಡದಿಯಲ್ಲೇ ತಯಾರಾಗುವ ಇನೋವಾ ಹೈಕ್ರಾಸ್‌ನಂಥದ್ದು ಸುಲಭ. ಲಕ್ಷುರಿ ಕಡಿಮೆ, ಮೂರನೇ ಸಾಲು ಧಾರಾಳ.