ಎರಡು ಸಲ ಬಾರಿಸುವ ಗಂಟೆ

ಇಟಲಿಯ ಉಂಬ್ರಿಯಾದಲ್ಲಿ ಗುಡ್ಡದ ಮೇಲಿನ ಸಣ್ಣ ಊರೊಂದರಲ್ಲಿರುವ ಮಗಳ ಮನೆಗೆ ಹೋಗಿ, ಮೂರು ತಿಂಗಳು ಇದ್ದು ಬಂದ ಓದುಗರೊಬ್ಬರು ಬರೆದಿದ್ದಾರೆ: “ಕಿಟಕಿಯ ಎದುರಿಗೇ ಚರ್ಚಿನ ಗೋಪುರ. ರಾತ್ರಿ ಮೂರಕ್ಕೆ ಮೂರು ಸಲ ಬಾರಿಸುತ್ತದೆ. ಕಣ್ಣು ಹತ್ತುವಷ್ಟರಲ್ಲಿ ಮತ್ತೆ ಮೂರು. ದೂರು ಕೊಡಲು ಮಗಳಿಗೆ ಸಂಕೋಚ. ಪರದೇಶದವರೆಂದು ಇದನ್ನು ಸಹಿಸಿಕೊಳ್ಳಲೇಬೇಕೇ?”

ಮಾನ್ಯರೇ,

ಸಹಿಸಬೇಕಾಗಿಲ್ಲ. ಆದರೆ ದೂರು ಯಾವ ಗಂಟೆಯ ಮೇಲೆ ಎಂಬುದನ್ನು ಮಗಳು ಮೊದಲು ತಿಳಿದುಕೊಳ್ಳಲಿ.

ನಿಮ್ಮ ನಿದ್ದೆ ಕೆಡಿಸಿದ್ದು ಗಡಿಯಾರದ ಗಂಟೆ. ಅದು ಎರಡನೆಯ ಸಲ ಬಾರಿಸುವುದು ಯಂತ್ರ ಕೆಟ್ಟಿದ್ದರಿಂದಲ್ಲ. ಹೊಲದಲ್ಲಿ ಬಗ್ಗಿ ದುಡಿಯುವವನು ತಲೆ ಎತ್ತಿ ಕಿವಿಗೊಡುವಷ್ಟರಲ್ಲಿ ಒಂದೆರಡು ಏಟು ಕಳೆದು ಎಣಿಕೆ ತಪ್ಪಿರುತ್ತಿತ್ತು; ಅವನಿಗಾಗಿ ತುಸು ಬಿಟ್ಟು ಇನ್ನೊಮ್ಮೆ. ಹೊತ್ತು ಕೇಳುವುದಕ್ಕೆ ‘ಗಂಟೆ ಎಷ್ಟು’ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ನಡುರಾತ್ರಿಯಲ್ಲಿ ಆ ಉಪಕಾರ ಯಾರಿಗೂ ಬೇಕಿಲ್ಲ. ಅಲ್ಲಿನ ಎಷ್ಟೋ ಊರುಗಳಲ್ಲಿ ರಾತ್ರಿ ಅದನ್ನು ನಿಲ್ಲಿಸಿದ್ದಾರೆ. ಇಟಲಿಯ ನ್ಯಾಯಾಲಯಗಳೂ ಪೂಜೆಗೆ ಕರೆಯುವ ಗಂಟೆಯನ್ನು, ಹೊತ್ತು ಹೇಳುವ ಗಂಟೆಯನ್ನು ಬೇರೆ ಬೇರೆಯಾಗಿ ನೋಡಿವೆ. ಅರ್ಜಿ ಬರೆಯುವ ಮೊದಲು ಪಾದ್ರಿಗಳ ಮನೆಯ ಬಾಗಿಲು ತಟ್ಟಿ ಕೇಳುವುದು ಒಳ್ಳೆಯದು.

ಉಳಿದ ಗಂಟೆಗಳ ತಂಟೆಗೆ ದಯವಿಟ್ಟು ಹೋಗಬೇಡಿ. ಅಂಥದೇ ಊರಿನಲ್ಲಿ ನಾನೂ ಕೆಲವು ವಾರ ಇದ್ದೆ. ಪಕ್ಕದ ಮನೆಯ ಅಜ್ಜಿ ಮೆಟ್ಟಿಲ ಮೇಲೆ ಕುಳಿತು ಹುರುಳಿಕಾಯಿಯ ತೊಟ್ಟು ಮುರಿಯುತ್ತಿದ್ದರು. ಗಂಟೆ ನಿಧಾನವಾಗಿ, ಒಂದೊಂದೇ ಏಟಿನಂತೆ ಬಾರಿಸತೊಡಗಿತು. ಅಜ್ಜಿಯ ಕೈ ನಿಂತಿತು. ಸಾವಿನ ಗಂಟೆ ಅದು. ಗಂಡಸಿಗೆ ಒಂದು ಬಗೆ, ಹೆಂಗಸಿಗೆ ಒಂದು ಬಗೆ. “ಹೆಂಗಸು” ಎಂದರು. ಮಡಿಲಲ್ಲಿದ್ದುದನ್ನು ಬುಟ್ಟಿಗೆ ಸುರಿದು, ಸಾವಿನ ಸುದ್ದಿಯ ಕಾಗದ ಅಂಟಿಸುವ ಗೋಡೆಯ ಕಡೆ ನಡೆದರು. ಅಷ್ಟು ದಿನ ನನಗೆ ಬರೀ ಸದ್ದಾಗಿದ್ದದ್ದು ಅಂದು ಮೊದಲ ಬಾರಿಗೆ ಮಾತಾಗಿ ಕೇಳಿಸಿತು.

ಹುಟ್ಟೂರಿನ ಅಭಿಮಾನಕ್ಕೆ ಇಟಾಲಿಯನ್ನರು ‘ಕಾಂಪನಿಲಿಸ್ಮೊ’ ಎನ್ನುತ್ತಾರೆ. ಕಾಂಪನಿಲೆ ಎಂದರೆ ಗಂಟೆಗೋಪುರ. ಮೊಲಿಸೆ ಪ್ರಾಂತ್ಯದ ಅನ್ಯೋನೆ ಎಂಬ ಗುಡ್ಡದೂರಿನಲ್ಲಿ ಮರಿನೆಲ್ಲಿ ಮನೆತನದವರು ತಲೆಮಾರುಗಳಿಂದ ಗಂಟೆ ಎರಕ ಹೊಯ್ಯುತ್ತಿದ್ದಾರೆ. 1924ರಲ್ಲಿ ಹನ್ನೊಂದನೆಯ ಪಿಯುಸ್ ಪೋಪರು ಅವರಿಗೆ ತಮ್ಮ ಲಾಂಛನ ಬಳಸುವ ಹಕ್ಕು ಕೊಟ್ಟರು. ನೂರು ಭಾಗ ಕಂಚಿನಲ್ಲಿ 78 ತಾಮ್ರ, 22 ತವರ. ಸಂತರ ಚಿತ್ರವನ್ನೂ ಅಕ್ಷರಗಳನ್ನೂ ಮೇಣದಲ್ಲಿ ಮಾಡಿ ಅಚ್ಚಿಗೆ ಇಳಿಸುತ್ತಾರೆ. ಕರಗಿದ ಕಂಚು ಒಳಗೆ ಇಳಿಯುವಾಗ ಮರಿಯಮ್ಮನವರ ಪ್ರಾರ್ಥನೆ ಹೇಳುತ್ತಾರೆ. ಹೀಗೆ ಹುಟ್ಟಿದ್ದನ್ನು ಬರೀ ಗದ್ದಲವೆಂದು ಬರೆಯಲು ನನಗೆ ಕೈ ಬರುವುದಿಲ್ಲ.

ಒಂದು ಮಾತು ಮಗಳಿಗೆ ತಿಳಿಸಿ. ಈಸ್ಟರಿನ ಹಿಂದಿನ ಗುರುವಾರ ಸಂಜೆಯ ಪೂಜೆಯ ನಡುವೆ ಗಂಟೆಗಳು ಮೌನವಾಗುತ್ತವೆ. ಗಂಟೆಗಳನ್ನು ಕಟ್ಟಿಹಾಕಿದ್ದಾರೆ ಎನ್ನುತ್ತಾರೆ ಊರವರು. ಶುಕ್ರವಾರ ಕೆಲವೆಡೆ ಹುಡುಗರು ಮರದ ಗಿರಕಿ ಗರಗರನೆ ತಿರುಗಿಸುತ್ತ ಬೀದಿ ಸುತ್ತುತ್ತಾರೆ. ಶನಿವಾರ ರಾತ್ರಿಯ ಪೂಜೆಯಲ್ಲಿ ಕಟ್ಟು ಬಿಚ್ಚಿದಂತೆ ಎಲ್ಲವೂ ಒಟ್ಟಿಗೆ ಮೊಳಗುತ್ತವೆ. ಆ ದಿನಗಳಲ್ಲಿ ಅವಳು ಊರು ಬಿಡದೆ ಇರಲಿ. ಪಾದ್ರಿಗಳ ಬಾಗಿಲು ತಟ್ಟುವುದಕ್ಕೆ ಆಮೇಲೂ ಸಮಯವಿದೆ.

– ಸಂ.