ಒರಟು ಗಡ್ಡಕ್ಕೆ ಯಾವ ಕ್ಷೌರದ ಕತ್ತಿ: ಫುಲ್ ಹಾಲೋನಾ, ಹಾಫ್ ಹಾಲೋನಾ, ವೆಡ್ಜಾ?

ನೀವು ಶಿರಸಿಯವರು, ಗಡ್ಡ ತುಂಬಾ ಒರಟು, ಸ್ಟ್ರೇಟ್ ರೇಜರ್ ಕೊಳ್ಳಬೇಕು ಅಂತಿದ್ದೀರಿ. ಯಾವ ಗ್ರೈಂಡ್ (ಅಂದರೆ ಅಲಗಿನ ಎರಡೂ ಬದಿಯನ್ನು ಎಷ್ಟು ಕೊರೆದಿದ್ದಾರೆ ಅನ್ನುವುದು) ತಗೊಳ್ಳಲಿ ಅಂತ ಕೇಳಿದ್ದೀರಿ. ಜೊತೆಗೆ ಅಟ್ಟದಲ್ಲಿ ಸಿಕ್ಕ ಅಜ್ಜನ ಕತ್ತಿ ಬಳಸಬಹುದಾ ಅಂತಲೂ ಕೇಳಿದ್ದೀರಿ. ನಾನು ಕಾರವಾರದಲ್ಲಿದ್ದೇನೆ. ನನ್ನದೂ ಅಂಥದ್ದೇ ಗಡ್ಡ, ಅದನ್ನು ತೆಗೆಯುವುದು ಕತ್ತಿಯಲ್ಲೇ.

ಮೊದಲು ನೇರ ಉತ್ತರ: 6/8 ಇಂಚು ಅಗಲದ ಹಾಫ್ ಹಾಲೋ ತಗೊಳ್ಳಿ. ತುದಿ ದುಂಡಗಿರಲಿ.

ಈಗ ಕಾರಣ ಹೇಳುತ್ತೇನೆ. ಗಡ್ಡ ಗಟ್ಟಿ ಇದ್ದರೆ ಕತ್ತಿಯೂ ದಪ್ಪ, ಭಾರ ಇರಬೇಕು ಅಂತ ತುಂಬಾ ಜನ ನಂಬಿದ್ದಾರೆ. ದಪ್ಪ ಕೊಂಬೆಗೆ ಭಾರದ ಮಚ್ಚು ಬೇಕಲ್ವಾ, ಹಾಗೆ. ಆದರೆ ಗಡ್ಡವನ್ನು ನಾವು ಕಡಿಯುವುದಿಲ್ಲ. ಅಲಗು ಕೂದಲಿನ ಬುಡದಲ್ಲಿ ಹಗುರವಾಗಿ ಜಾರಿ ಹೋಗಬೇಕು, ಅಷ್ಟೇ. ಅಲ್ಲಿ ಕೆಲಸ ಮಾಡುವುದು ಅಂಚಿನ ಹರಿತ, ಲೋಹದ ತೂಕ ಅಲ್ಲ.

ಇನ್ನೊಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಅಂಚಿನ ಕೋನವನ್ನು ತೀರ್ಮಾನಿಸುವುದು ಗ್ರೈಂಡ್ ಅಲ್ಲ. ಸಾಣೆಕಲ್ಲಿನ ಮೇಲೆ ಕತ್ತಿ ಮಲಗಿಸಿದಾಗ ಬೆನ್ನೂ ಅಂಚೂ ಎರಡೂ ಕಲ್ಲಿಗೆ ತಾಗುತ್ತವೆ. ಹಾಗಾಗಿ ಬೆನ್ನಿನ ದಪ್ಪ ಮತ್ತು ಅಲಗಿನ ಅಗಲ ಸೇರಿ ಕೋನ ಎಷ್ಟು ಅಂತ ನಿಗದಿ ಮಾಡುತ್ತವೆ. 6/8 ಅಂದರೆ ಒಂದು ಇಂಚಿನ ಎಂಟರಲ್ಲಿ ಆರು ಭಾಗ, ಸುಮಾರು 19 ಮಿ.ಮೀ. ಅದಕ್ಕೆ ಬೆನ್ನು 5.4 ಮಿ.ಮೀ. ದಪ್ಪ ಇದ್ದರೆ ಕೋನ ಸುಮಾರು 16 ಡಿಗ್ರಿ ಬರುತ್ತದೆ. ಅದೇ ಅಳತೆಯಲ್ಲಿ ಫುಲ್ ಹಾಲೋ ಮಾಡಿದರೂ ಅದೇ 16, ಹಾಫ್ ಹಾಲೋ ಮಾಡಿದರೂ ಅದೇ 16. ಗಟ್ಟಿ ಗಡ್ಡಕ್ಕೆ ಒಂದು ಹೆಚ್ಚು ಹರಿತ, ಇನ್ನೊಂದು ಕಡಿಮೆ ಅನ್ನುವ ಮಾತೇ ಇಲ್ಲ.

ಹಾಗಾದರೆ ಗ್ರೈಂಡ್ ಬದಲಿಸುವುದು ಏನನ್ನು? ಬೆನ್ನು ಮತ್ತು ಅಂಚಿನ ನಡುವೆ ಎಷ್ಟು ಉಕ್ಕು ಉಳಿದಿದೆ ಅನ್ನುವುದನ್ನು. ವೆಡ್ಜ್‌ನಲ್ಲಿ ಎರಡೂ ಬದಿ ಹೆಚ್ಚುಕಡಿಮೆ ಚಪ್ಪಟೆ, ಒಳಗೆ ಕೊರೆದಿರುವುದಿಲ್ಲ. ಫುಲ್ ಹಾಲೋದಲ್ಲಿ ಎರಡೂ ಬದಿ ಆಳವಾಗಿ ಕೊರೆದಿರುತ್ತಾರೆ, ಅಂಚಿನ ಹತ್ತಿರ ಉಕ್ಕು ಕಾಗದದಷ್ಟು ತೆಳ್ಳಗೆ. ಹಾಫ್ ಹಾಲೋ ಇವೆರಡರ ನಡುವೆ.

ತೆಳ್ಳಗಿನ ಅಲಗು ಸ್ವಲ್ಪ ಬಾಗುತ್ತದೆ. ಮೃದು ಗಡ್ಡದವರಿಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮಂಥವರಿಗೆ ಗದ್ದದ ಮೇಲೆ, ಮೀಸೆಯ ಜಾಗದಲ್ಲಿ ಗೊತ್ತಾಗುತ್ತದೆ. ಅಲ್ಲಿ ಕೂದಲು ಒತ್ತೊತ್ತಾಗಿ, ಗಟ್ಟಿಯಾಗಿ ಇರುತ್ತದೆ. ಅಲಗು ಒಂದು ಕ್ಷಣ ಸಿಕ್ಕಿಕೊಂಡು, ಬಾಗಿ, ಮತ್ತೆ ಮುಂದೆ ಹಾರುತ್ತದೆ. ಚರ್ಮ ಸರಿಯಾಗಿ ಎಳೆದು ಹಿಡಿಯದಿದ್ದರೆ, ಕತ್ತಿ ಹಿಡಿದ ಕೋನ ಜಾಸ್ತಿಯಾದರೆ ಅಲ್ಲೇ ಗೀರು. ಹಾಫ್ ಹಾಲೋ ಅಲುಗಾಡುವುದಿಲ್ಲ. ಒಂದೇ ಸಮ ಹೋಗುತ್ತದೆ. ಕೈ ಇನ್ನೂ ಪಳಗದವರಿಗೆ ಈ ಸ್ಥಿರತೆ ತುಂಬಾ ದೊಡ್ಡ ಉಪಕಾರ.

ಫುಲ್ ಹಾಲೋ ಪರವಾಗಿಯೂ ಹೇಳಲೇಬೇಕು. ಅದು ಹಾಡುತ್ತದೆ. ಒರಟು ಗಡ್ಡದ ಮೇಲೆ ಎಳೆದಾಗ ಆ ಸದ್ದು ಇನ್ನೂ ಜೋರು. ಸದ್ದು ಸರಿಯಾಗಿದ್ದರೆ ಕತ್ತಿ ಹಿಡಿದ ಕೋನ ಸರಿ ಇದೆ ಅಂತ ಅರ್ಥ. ಕೈ ಪಳಗಿದ ಮೇಲೆ ಅದೊಂದು ಸುಖ, ನಾನೂ ಅಂಥದ್ದೊಂದನ್ನು ಇಟ್ಟುಕೊಂಡಿದ್ದೇನೆ. ಜರ್ಮನಿಯ ಸೋಲಿಂಗೆನ್‌ನ ಡೋವೊ, ಬೋಕರ್ ಕಂಪನಿಗಳ ಹೊಸ ಕತ್ತಿಗಳಲ್ಲಿ ಜಾಸ್ತಿ ಸಿಗುವುದು ಫುಲ್ ಹಾಲೋನೇ. ಹಾಫ್ ಹಾಲೋ ಬೇಕಾದರೆ ಸ್ವಲ್ಪ ಹುಡುಕಬೇಕು, ಹಳೆಯ ಕತ್ತಿಗಳಲ್ಲೂ ನೋಡಬೇಕು. ಇಂಗ್ಲೆಂಡಿನ ಶೆಫೀಲ್ಡ್‌ನ ಹಳೆಯ ಕತ್ತಿಗಳಲ್ಲಿ ದಪ್ಪ ಗ್ರೈಂಡ್ ಹೆಚ್ಚು.

ವೆಡ್ಜ್ ಮೊದಲ ಕತ್ತಿಯಾಗಿ ಬೇಡ. ಶೇವ್ ಚೆನ್ನಾಗಿಯೇ ಆಗುತ್ತದೆ. ಆದರೆ ಮಸೆಯುವಾಗ ಇಡೀ ಬದಿ ಕಲ್ಲಿಗೆ ತಾಗುತ್ತದೆ, ಸವೆಸಬೇಕಾದ ಉಕ್ಕು ಜಾಸ್ತಿ. ಬೆನ್ನಿಗೆ ಟೇಪ್ ಅಂಟಿಸಿ ಮಸೆಯಬೇಕಾಗುತ್ತದೆ. ಹೊಸಬರಿಗೆ ಆ ತಾಪತ್ರಯ ಯಾಕೆ?

ಅಗಲದ ಬಗ್ಗೆ ಒಂದು ಮಾತು. 5/8 ಹಗುರ, ಮೂಗಿನ ಕೆಳಗೆ ಸುಲಭ. 7/8, 8/8 ನೊರೆ ಜಾಸ್ತಿ ಹಿಡಿಯುತ್ತವೆ, ಆದರೆ ಮೀಸೆಯ ಜಾಗದಲ್ಲಿ ತಿರುಗಿಸುವುದು ಕಷ್ಟ. 6/8 ಎರಡಕ್ಕೂ ಆಗುತ್ತದೆ.

ಊರಿನ ಸೆಲೂನ್‌ಗಳಲ್ಲಿ ಅರ್ಧ ಬ್ಲೇಡ್ ಹಾಕುವ ಉಸ್ತರಾ ನೋಡಿರುತ್ತೀರಿ. ಅದನ್ನು ಬಳಸಿ ಕಲಿತು ಆಮೇಲೆ ಇದಕ್ಕೆ ಬರೋಣ ಅನ್ನಬೇಡಿ. ಆ ಬ್ಲೇಡು ತೆಳು, ಹಗುರ, ತಪ್ಪನ್ನು ಸಹಿಸುವುದಿಲ್ಲ. ಅದರಲ್ಲಿ ಗ್ರೈಂಡಿನ ಅನುಭವ ಬರುವುದೇ ಇಲ್ಲ.

ಈಗ ನನಗೆ ಗ್ರೈಂಡಿಗಿಂತ ಮುಖ್ಯ ಅನಿಸುವ ವಿಷಯ. ಒಣ ಕೂದಲು ತುಂಬಾ ಗಟ್ಟಿ, ನೀರು ಕುಡಿದ ಕೂದಲು ಎಷ್ಟೋ ಮೆತ್ತಗೆ. ಸ್ನಾನ ಆದ ಮೇಲೆ ಶೇವ್ ಮಾಡಿ. ಇಲ್ಲದಿದ್ದರೆ ಬಿಸಿನೀರಿನ ಟವೆಲ್ಲನ್ನು ಎರಡು ಮೂರು ನಿಮಿಷ ಗಡ್ಡದ ಮೇಲೆ ಇಡಿ. ಬ್ರಶ್‌ನಿಂದ ನೊರೆ ಬರಿಸಿ, ತಿಕ್ಕಿ, ಸ್ವಲ್ಪ ಬಿಟ್ಟು, ಮತ್ತೆ ತಿಕ್ಕಿ. ನೀವು ಶಿರಸಿಯವರು, ನಿಮ್ಮ ಬಾವಿ ನೀರಿಗೆ ಸೋಪು ಚೆನ್ನಾಗಿ ನೊರೆ ಬರುತ್ತದೆ. ಕಡಲಿನ ಪಕ್ಕದ ಸವಳು ನೀರಿನಲ್ಲಿ ನೊರೆ ಬರಿಸುವುದು ಎಷ್ಟು ಕಷ್ಟ ಅಂತ ನಮಗೇ ಗೊತ್ತು. ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ಹಿಡಿಯಿರಿ, ಒತ್ತಬೇಡಿ. ಮೊದಲ ಸಲ ಕೂದಲು ಬೆಳೆದ ದಿಕ್ಕಿನಲ್ಲೇ ಹೋಗಿ, ಎರಡನೇ ಸಲ ಅಡ್ಡ. ಕುತ್ತಿಗೆಯಲ್ಲಿ ಎದುರು ದಿಕ್ಕಿಗೆ ಹೋಗಬೇಡಿ. ಗಟ್ಟಿ, ಗುಂಗುರು ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆ ಏಳುತ್ತದೆ.

ಪ್ರತಿ ಶೇವ್‌ಗೆ ಮುಂಚೆ ಚರ್ಮದ ಪಟ್ಟಿಯ ಮೇಲೆ 40ರಿಂದ 60 ಸಲ ಎಳೆಯಿರಿ, ಬೆನ್ನು ಮುಂದೆ, ಅಂಚು ಹಿಂದೆ. ಒರಟು ಗಡ್ಡಕ್ಕೆ ಅಂಚು ಬೇಗ ಮೊಂಡಾಗುತ್ತದೆ. ಕೂದಲು ಎಳೆದ ಹಾಗೆ ಆದರೆ 8000 ಗ್ರಿಟ್‌ನ, ಅಂದರೆ ತುಂಬಾ ನುಣುಪಾದ ಸಾಣೆಕಲ್ಲಿನ ಮೇಲೆ ಸ್ವಲ್ಪ ಹೊತ್ತು ಆಡಿಸಿದರೆ ಸಾಕು. ಕತ್ತಿ ಕೊಳ್ಳುವಾಗ ದುಡ್ಡನ್ನೆಲ್ಲ ಹಿಡಿಯ ಅಲಂಕಾರಕ್ಕೆ ಸುರಿಯದೆ ಕಲ್ಲಿಗೂ ಪಟ್ಟಿಗೂ ಉಳಿಸಿ. ಮಸೆದು ಕಳಿಸುತ್ತಾರಾ ಅಂತ ಮೊದಲೇ ಕೇಳಿ.

ನಮ್ಮ ಜಿಲ್ಲೆಯ ಮಳೆಗಾಲ ಕಾರ್ಬನ್ ಸ್ಟೀಲಿಗೆ ದೊಡ್ಡ ಶತ್ರು. ಬಾತ್‌ರೂಮಿನಲ್ಲಿ ಇಡಲೇಬೇಡಿ. ಶೇವ್ ಆದ ಮೇಲೆ ಒರೆಸಿ, ತೆರೆದಿಟ್ಟು ಗಾಳಿಗೆ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದರೆ ಅಂಟಂಟಾಗುತ್ತದೆ. ಹಿಡಿಯ ಒಳಗೆ, ತಿರುಗಣಿ ಮೊಳೆಯ ಸುತ್ತ ನೀರು ನಿಲ್ಲದ ಹಾಗೆ ನೋಡಿ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಚರ್ಮದ ಪಟ್ಟಿಗೂ ಚಪ್ಪಲಿ, ಬೆಲ್ಟಿನ ಹಾಗೇ ಬೂಸ್ಟು ಹಿಡಿಯುತ್ತದೆ, ಗಾಳಿಯಾಡುವ ಕಡೆ ನೇತುಹಾಕಿ. ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲದಿದ್ದರೆ ಸ್ಟೇನ್‌ಲೆಸ್ ತಗೊಳ್ಳಿ. ಮಸೆಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ಆದರೆ ಆಷಾಢದಲ್ಲಿ ನಿಶ್ಚಿಂತೆ.

ಇನ್ನು ಅಜ್ಜನ ಕತ್ತಿ. ಹೊಸದು ಕೊಳ್ಳುವ ಮುಂಚೆ ಅದನ್ನು ಬೆಳಕಿಗೆ ಹಿಡಿದು ನೋಡಿ. ಬೆನ್ನಿನ ಮೇಲೆ, ಬದಿಯಲ್ಲಿ ಕಲೆ ಇದ್ದರೆ ಚಿಂತೆಯಿಲ್ಲ. ಅಂಚಿನ ಹತ್ತಿರದ ಎರಡು ಮೂರು ಮಿ.ಮೀ. ಜಾಗದಲ್ಲಿ ತುಕ್ಕು ತಿಂದ ಸಣ್ಣ ಸಣ್ಣ ಗುಂಡಿ ಇದ್ದರೆ ಕಷ್ಟ, ಮಸೆದಂತೆಲ್ಲ ಅಂಚು ಅಲ್ಲಲ್ಲಿ ಮುರಿಯುತ್ತದೆ. ಬಿರುಕು ಒಂದು ಕಂಡರೂ ಬಳಸಬೇಡಿ. ಇವೆರಡೂ ಇಲ್ಲದಿದ್ದರೆ ಅದರ ಗ್ರೈಂಡ್ ಯಾವುದೇ ಇರಲಿ, ಮಸೆಯಲು ಬಲ್ಲವರ ಕೈಗೆ ಕೊಟ್ಟು, ಅದರಲ್ಲೇ ಶುರು ಮಾಡಿ.